ನಾಲ್ಕು ದನಿಗೆ ಜಾಗವಿಲ್ಲವೇ?

ನಾಡಗೀತೆಯ ಧಾಟಿ ಅನಂತಸ್ವಾಮಿಯವರದ್ದಿರಲಿ, ಅಶ್ವತ್ಥರದ್ದಿರಲಿ ಎಂಬ ಜಗಳ 2022ರ ಸರ್ಕಾರಿ ಆದೇಶಕ್ಕೂ ತಣ್ಣಗಾಗದೆ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಎರಡೂವರೆ ನಿಮಿಷವೆಂದು ಗಡಿಯಾರ ಹಿಡಿದು ಅಳೆದ ಪಂಡಿತರಲ್ಲಿ ಒಬ್ಬರಿಗಾದರೂ, ಇಷ್ಟು ಮಂದಿ ಸಾಲಾಗಿ ನಿಂತು ಎಲ್ಲರೂ ಒಂದೇ ಸ್ವರವನ್ನೇಕೆ ಹಾಡಬೇಕು ಎಂದು ಕೇಳಲು ತೋಚಲಿಲ್ಲ. ಹೈದರಾಬಾದಿನ ನಾವೂ ಕಡಿಮೆಯೇನಲ್ಲ. ನವೆಂಬರ್ ಬಂತೆಂದರೆ ಕಾಚಿಗುಡಾದಿಂದ ಸಿಕಂದರಾಬಾದಿನವರೆಗೆ ಅದೇ ಕೀಬೋರ್ಡು, ಅದೇ ಒಂಟಿ ಧಾಟಿ, ಹೆಸರು ಮಾತ್ರ ವೃಂದಗಾನ.

ನಾಲ್ಕು ದನಿಯ ಕಾಯಿರ್ ಮತ್ತು ಸ್ಯಾಕ್ಸೋಫೋನ್ ಕ್ವಾರ್ಟೆಟ್ ಕೂಡಿದ ಹೊಸ ಸಂಗೀತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದದ್ದಕ್ಕೆ ಬೆಂಗಳೂರಿನ ಮಾಸಿಕವೊಂದು 'ಫ್ಯೂಷನ್ ಗೀಳು' ಎಂದು ನಮ್ಮನ್ನು ಜರೆದಿದೆ. ಅವರ ಆಕ್ಷೇಪ ಒಂದೇ: ಇದು ನಮ್ಮದಲ್ಲ.

ಯಾವುದು ನಮ್ಮದಲ್ಲ? ಸಜೀಪದ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಇವತ್ತು ಕರಾವಳಿಯ ದೇವಸ್ಥಾನದ ಉತ್ಸವ, ಮದುವೆ, ಕೋಲ, ಎಲ್ಲೆಲ್ಲೂ ಆ ವಾದ್ಯ ಉಂಟು. ಕಾಯಿರ್ ಅಂತೂ ಇನ್ನೂ ಹಳೆಯದು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಪದಗಳನ್ನು ಜರ್ಮನ್ ಧಾಟಿಗೆ ಕೂರಿಸಿ ಹಾಡಿಸಿದವರು ಅವರು. ಅದೇ ಮಿಷನ್ನಿನ ಕಿಟೆಲ್ಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಗೆ ನಮ್ಮ ಛಂದಸ್ಸನ್ನೇ ಹಿಡಿದರು. ಅವರ ನಿಘಂಟನ್ನು ತಲೆಯ ಮೇಲೆ ಹೊತ್ತುಕೊಂಡ ನಾವು ಚರ್ಚಿನ ಹಾಡನ್ನು ಹೊರಗೇ ನಿಲ್ಲಿಸಿದೆವು.

ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದದ್ದು ಒಂದು ವಾದ್ಯಕ್ಕಲ್ಲ, ಒಂದು ಕುಟುಂಬಕ್ಕೆ. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್: ಹೆಚ್ಚುಕಡಿಮೆ ಕಾಯಿರಿನ ನಾಲ್ಕು ಸಾಲುಗಳೇ. ಗ್ಲಾಜುನೊವ್ 1932ರಲ್ಲಿ, ಫಿಲಿಪ್ ಗ್ಲಾಸ್ 1995ರಲ್ಲಿ ಈ ನಾಲ್ವರಿಗಾಗಿಯೇ ಬರೆದರು. ನಾವು ಮಾತ್ರ ಆಲ್ಟೊ ಒಂದನ್ನು ಮನೆ ತುಂಬಿಸಿಕೊಂಡು ಉಳಿದವರನ್ನು ಬಾಗಿಲಲ್ಲೇ ಬಿಟ್ಟೆವು.

ನಾಲ್ಕು ದನಿ ಕೂಡಿದರೆ ಗಮಕದ ಗತಿಯೇನು ಎಂಬ ಪ್ರಶ್ನೆ ನಿಜವಾದದ್ದು, ಒಪ್ಪುತ್ತೇನೆ. ನಾಲ್ಕು ದನಿಗಳೂ ಗಾಂಧಾರವನ್ನು ತಮತಮಗೆ ತೋಚಿದಂತೆ ಅಲುಗಿಸಿದರೆ ಸ್ವರಮೇಳ ಕೆಸರಾಗುತ್ತದೆ. ಆದರೆ ಎಲ್ಲರೂ ಅಲುಗಿಸಬೇಕೆಂದು ಹೇಳಿದವರಾರು? 1994ರಲ್ಲಿ ಬಂದ 'ಒಫಿಸಿಯಂ' ಧ್ವನಿಮುದ್ರಿಕೆಯಲ್ಲಿ ಹಿಲಿಯರ್ಡ್ ಎನ್‌ಸಾಂಬಲಿನ ನಾಲ್ವರು ಹದಿನಾರನೆಯ ಶತಮಾನದ ಮೊರಾಲೆಸನ ರಚನೆಯನ್ನು ನಿಶ್ಚಲವಾಗಿ ಹಾಡುತ್ತಿದ್ದರೆ, ಯಾನ್ ಗಾರ್ಬರೆಕ್ ಅದರ ಮೇಲೆ ತನ್ನ ಮನೋಧರ್ಮದಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾರೆ. ತಂಬೂರಿಯ ಶ್ರುತಿಯಲ್ಲಿ ಆಲಾಪನೆ ಕೇಳಿ ಬೆಳೆದ ಕಿವಿಗೆ ಇದರಲ್ಲಿ ಪರಕೀಯವಾದದ್ದೇನಿದೆ? ಕೀಲಿಗಳ ವಾದ್ಯದಲ್ಲಿ ಗಮಕ ಹೊರಡದು ಎಂದು ಗೋಪಾಲನಾಥರಿಗೂ ಹೇಳಿದವರಿದ್ದರು. ಅವರು ವಾದ್ಯವನ್ನೇ ತಿದ್ದಿಕೊಂಡರು, ಊದುವ ಕ್ರಮವನ್ನೂ ತಿದ್ದಿಕೊಂಡರು. 1994ರಲ್ಲಿಯೇ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸಿಗಾಗಿ ನುಡಿಸಿದರು.

ಅದೇ ಸಭಾಂಗಣದಲ್ಲಿ 1950ರಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದಾಗ ಖರ್ಚಿನ ಖಾತರಿ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಜರ್ಮನಿಯವನಿಗೆ ಕನ್ನಡ ನಾಡಿನ ದುಡ್ಡು! ಈಗಿನ ನಮ್ಮ ಸಂಘಗಳು ಸಂಗೀತ ಬರೆಯಲು ಯಾರಿಗಾದರೂ ಹಣ ಕೊಟ್ಟದ್ದುಂಟೇ? ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಸಂಸ್ಮರಣೆಯೆಂದರೆ ನಮಗೆ ಶಾಲು, ಹಾರ, ಮೂರು ಭಾಷಣ, ಕೊನೆಗೆ ಹತ್ತು ನಿಮಿಷ ವಾದನ. ಆ ಶಾಲುಗಳ ಖರ್ಚನ್ನು ಒಂದು ವರ್ಷ ಉಳಿಸಿದರೆ ಒಬ್ಬ ಸಂಯೋಜಕನ ಕೈಗೆ ಕೆಲಸ ಸಿಗುತ್ತದೆ. ಹಾಡುವವರಿಗೆ ಹುಡುಕಾಟ ಬೇಡ. ಈ ಊರಿನ ಚರ್ಚುಗಳಲ್ಲಿ ಪ್ರತಿ ಭಾನುವಾರ ನಾಲ್ಕು ದನಿಯಲ್ಲಿ ಹಾಡುತ್ತಾರೆ. ನಮ್ಮ ಕಾರ್ಯದರ್ಶಿಗಳು ಅತ್ತ ಹೋಗಿ ಕೇಳಿಲ್ಲ, ಅಷ್ಟೆ.

ಈ ಸಂಚಿಕೆಯ ವಿಶೇಷ ವಿಭಾಗ ಊದುವಾದ್ಯಗಳದ್ದು. ಮುಂದಿನದಕ್ಕೆ ಕನ್ನಡ ಕವಿತೆಗಳ ನಾಲ್ಕು ದನಿಯ ಸಂಯೋಜನೆಗಳನ್ನು ಆಹ್ವಾನಿಸಿದ್ದೇವೆ. ಬರಿಯ ಸಾಹಿತ್ಯ ಕಳಿಸಬೇಡಿ, ನಾಲ್ಕೂ ಸಾಲಿನ ಸ್ವರಪ್ರಸ್ತಾರ ಇರಲಿ.