ಟೈಲ್ಸ್ ಹಾಕುವ ಮೊದಲು ಒಂದು ಪದರ

ಕರ್ನಾಟಕ ಸರ್ಕಾರದ ನಗರಾಭಿವೃದ್ಧಿ ಸಚಿವರಿಗೆ,



ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಎರಡು ವರ್ಷದ ಹಿಂದೆ ಒಂದು ರಾತ್ರಿ, ಒಂದೂವರೆ ಗಂಟೆಗೆ, ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ತಟ್ಟಿದೆ. ಮೂರು ವಾರದಿಂದ ಪ್ರತಿ ರಾತ್ರಿ ನಮ್ಮ ತಲೆಯ ಮೇಲೆ ಟಕ್, ಟಕ್, ಆಮೇಲೆ ಏನನ್ನೋ ಎಳೆದ ಸದ್ದು. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ನಿದ್ದೆಗೆಟ್ಟು ಅಳುವ ಹಂತ ಮುಟ್ಟಿದ್ದಳು. ಜಗಳಕ್ಕೆ ಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡೇ ಹೋಗಿದ್ದೆ. ಬಾಗಿಲು ತೆರೆದಾಗ ಕಂಡವರು ಎಂಬತ್ತು ದಾಟಿದ ಅಜ್ಜಿ. ವಾಕರ್ ಹಿಡಿದು ಬಚ್ಚಲಿಂದ ಕೋಣೆಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ತಿಂಗಳಾಗಿತ್ತಂತೆ. "ನಿಮಗೆ ಕೇಳಿಸ್ತದಾ?" ಎಂದು ಅವರು ಕೇಳಿದ ದನಿಯಲ್ಲಿದ್ದ ಅಳುಕು ನನಗಿನ್ನೂ ಮರೆತಿಲ್ಲ. ರಾತ್ರಿ ಏಳಬೇಕಾದೀತೆಂದು ಅವರು ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು ಎಂದು ಆಮೇಲೆ ಸೊಸೆ ಹೇಳಿದರು.

ನಾವು ಯಾರೂ ತಪ್ಪು ಮಾಡಿರಲಿಲ್ಲ. ತಪ್ಪಿದ್ದದ್ದು ಎರಡು ಮನೆಗಳ ನಡುವಿನ ನೆಲದಲ್ಲಿ. ಅದರ ಬಗ್ಗೆ ನೀವು ಏನಾದರೂ ಮಾಡಬಲ್ಲಿರಿ, ಹಾಗಾಗಿ ಈ ಪತ್ರ.

ಆ ನೆಲ ಹೇಗಿದೆ ಎಂದು ಹೇಳುತ್ತೇನೆ. ಆರಿಂಚಿನ ಕಾಂಕ್ರೀಟ್ ಸ್ಲ್ಯಾಬು, ಅದರ ಮೇಲೆ ಗಾರೆ, ಗಾರೆಗೆ ಕಚ್ಚಿಕೊಂಡ ವಿಟ್ರಿಫೈಡ್ ಟೈಲ್ಸ್. ಮೂರೂ ಗಟ್ಟಿ, ಮೂರೂ ಒಂದಕ್ಕೊಂದು ಅಂಟಿ ಒಂದೇ ಮೈಯಾಗಿವೆ. ಇಂಥ ನೆಲ ಮಾತನ್ನು ಸಾಕಷ್ಟು ತಡೆಯುತ್ತದೆ. ಚದರ ಮೀಟರಿಗೆ 350 ಕಿಲೋ ಮೀರಿದ ತೂಕವನ್ನು ಗಾಳಿಯ ಅಲೆ ಅಷ್ಟು ಸುಲಭವಾಗಿ ಅಲುಗಿಸಲಾರದು. ಪೆಟ್ಟಿನ ಸದ್ದಿನ ದಾರಿಯೇ ಬೇರೆ. ಹಿಮ್ಮಡಿ, ಕುರ್ಚಿಯ ಕಾಲು, ಬೆಳ್ಳುಳ್ಳಿ ಜಜ್ಜುವ ಕುಟ್ಟಾಣಿ, ದೋಸೆಹಿಟ್ಟಿನ ಗ್ರೈಂಡರು, ಇವೆಲ್ಲ ನೇರವಾಗಿ ಸ್ಲ್ಯಾಬನ್ನೇ ಬಡಿಯುತ್ತವೆ. ಆ ನಡುಕ ತೊಲೆ, ಕಂಬ, ಗೋಡೆ ಹಿಡಿದು ಓಡುತ್ತದೆ. ಎಷ್ಟೋ ಸಲ ಐದನೇ ಮಹಡಿಯ ಸದ್ದಿಗೆ ನಾಲ್ಕನೆಯವರ ಮೇಲೆ ದೂರು ಬೀಳುವುದು ಇದರಿಂದಲೇ. ಅಲ್ಯೂಮಿನಿಯಂ ಅಚ್ಚಿಟ್ಟು ಗೋಡೆ, ಸ್ಲ್ಯಾಬು ಎರಡನ್ನೂ ಒಟ್ಟಿಗೆ ಎರಕ ಹೊಯ್ಯುವ ಮೈವಾನ್ ಪದ್ಧತಿಯ ಕಟ್ಟಡಗಳಲ್ಲಂತೂ ಆ ನಡುಕಕ್ಕೆ ನಡುವೆ ಒಂದು ಸಂದಿಯೂ ಎದುರಾಗುವುದಿಲ್ಲ.

ಮಲೆನಾಡಿನಲ್ಲಿ ನಮ್ಮ ಅಜ್ಜನ ಮನೆಯ ಮುಚ್ಚಿಗೆಗೆ ಹಲಗೆ ಹಾಸಿ, ಅದರ ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು ಮೆತ್ತಿದ್ದರು. ಬೆಂಕಿಗೆ, ಬಿಸಿಲಿಗೆ ಎಂದು ಮಾಡಿದ್ದು. ಉಪ್ಪರಿಗೆಯಲ್ಲಿ ನಾವು ಮಕ್ಕಳು ಕುಣಿದರೂ ಕೆಳಗೆ ಮಲಗಿದ ಅಜ್ಜನಿಗೆ ಎಚ್ಚರವಾಗುತ್ತಿರಲಿಲ್ಲ. ಗಟ್ಟಿ ನೆಲದ ನಡುವೆ ಒಂದು ಮೆದು ಪದರವಿದ್ದರೆ ಪೆಟ್ಟು ಅಲ್ಲೇ ಸಾಯುತ್ತದೆ.

ಆ ಪದರವನ್ನು ಆಮೇಲೆ ಕೆಳಗಿನಿಂದ ಸೇರಿಸಲು ನಾನು ನೋಡಿದೆ. ಒಬ್ಬ ಗುತ್ತಿಗೆದಾರರು ಮಲಗುವ ಕೋಣೆಯ ಸೂರಿಗೆ ಸ್ಪಂಜಿನ ಹಲಗೆ ಅಂಟಿಸಿಕೊಟ್ಟರು. ಒಂದು ತಿಂಗಳ ಸಂಬಳ ಹೋಯಿತು, ಸದ್ದು ಹೋಗಲಿಲ್ಲ. ಸ್ಪಂಜು, ಮೊಟ್ಟೆ ಟ್ರೇ, ದಪ್ಪ ಪರದೆ ಇವು ಕೋಣೆಯ ಒಳಗಿನ ಮಾರ್ದನಿಯನ್ನು ಹೀರುತ್ತವೆ. ರೆಕಾರ್ಡಿಂಗ್ ಸ್ಟುಡಿಯೋಗೆ ಅದು ಬೇಕು. ಪಕ್ಕದ ಮನೆಯಿಂದ ಬರುವ ಸದ್ದನ್ನು ತಡೆಯಲು ತೂಕ ಬೇಕು, ಇಲ್ಲವೇ ಕಟ್ಟಡದ ಮೈಯಲ್ಲೇ ಸಂದಿ ಬೇಕು. ಹೀರುವುದಕ್ಕೂ ತಡೆಯುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಮನೆಗಳು ಹೀಗೆ ದುಡ್ಡು ಕಳೆದುಕೊಂಡಿವೆಯೋ. ಕಡೆಗೆ ಉಪಯೋಗಕ್ಕೆ ಬಂದದ್ದು ಅಗ್ಗದ ವಸ್ತು. ಹಳೇ ಟೈರನ್ನು ಪುಡಿಮಾಡಿ ಒತ್ತಿದ, ಜಿಮ್‌ಗಳಲ್ಲಿ ಹಾಸುವ ಕರಿ ಮ್ಯಾಟು. ಅದರ ಎರಡು ತುಂಡು ಕತ್ತರಿಸಿ ಮೇಲಿನವರ ಗ್ರೈಂಡರಿನ ಕೆಳಗಿಟ್ಟೆವು. ಅಜ್ಜಿಯ ವಾಕರ್ ಕಾಲಿನ ರಬ್ಬರ್ ಟೊಪ್ಪಿಗಳು ಸವೆದು ಕಬ್ಬಿಣವೇ ನೆಲಕ್ಕೆ ತಾಗುತ್ತಿತ್ತು; ನಾಲ್ಕೂ ಹೊಸದು ಹಾಕಿದೆವು. ಗ್ರೈಂಡರಿನ ಗುಂಯ್‌ಗುಡುವಿಕೆ ನಿಂತಿತು, ವಾಕರಿನ ಟಕ್ ಮೆತ್ತಗಾಯಿತು. ಕುರ್ಚಿ ಎಳೆದ ಸದ್ದು, ಮಕ್ಕಳ ಓಟ, ಹಿಮ್ಮಡಿಯ ದಡ್ ದಡ್ ಹಾಗೆಯೇ ಉಳಿದಿವೆ, ಏಕೆಂದರೆ ಇಡೀ ನೆಲದ ಕೆಳಗೆ ಈಗ ಮ್ಯಾಟು ತೂರಿಸಲು ಆಗುವುದಿಲ್ಲ.

ಕಟ್ಟುವಾಗ ಆಗುತ್ತಿತ್ತು. ಸ್ಲ್ಯಾಬಿನ ಮೇಲೆ ಐದು ಮಿಲಿಮೀಟರಿನಷ್ಟು ದಪ್ಪದ ರಬ್ಬರ್ ಪುಡಿಯ ಹಾಸು ಹಾಸಿ, ಗೋಡೆಯಂಚಿಗೆ ಸುತ್ತಲೂ ಅದೇ ಹಾಸಿನ ಪಟ್ಟಿ ನಿಲ್ಲಿಸಿ, ಮೇಲೆ ಜಾಲರಿ ಇಟ್ಟು ಎರಡಿಂಚು ಗಾರೆ ಹಾಕಿ ಟೈಲ್ಸ್ ಕೂರಿಸಿದರೆ, ನಡೆಯುವ ನೆಲ ಕಟ್ಟಡದ ಮೈಗೆ ತಾಗದೆ ತೇಲುತ್ತದೆ. ಟೈಲ್ಸಿಗೆ ಹೇಗೂ ಗಾರೆ ಹಾಕುತ್ತೇವೆ. ಹೊಸದಾಗಿ ಸೇರುವುದು ಆ ಹಾಸು, ಆ ಅಂಚುಪಟ್ಟಿ, ಮತ್ತು ನಕ್ಷೆ ಬರೆಯುವಾಗಲೇ ಲೆಕ್ಕ ಹಿಡಿಯಬೇಕಾದ ಅಷ್ಟಿಷ್ಟು ಎತ್ತರ, ತೂಕ. ಆದರೆ ಕೆಲಸ ಕಣ್ಣಿಟ್ಟು ಮಾಡಿಸಬೇಕಾದದ್ದು. ಹಾಸಿನ ಸಂದಿಯಲ್ಲಿ ಒಂದು ಹಿಡಿ ಗಾರೆ ಇಳಿದು ಸ್ಲ್ಯಾಬು ಮುಟ್ಟಿದರೆ, ಸ್ಕರ್ಟಿಂಗ್ ಟೈಲ್ಸು ನೆಲಕ್ಕೂ ಗೋಡೆಗೂ ಒಟ್ಟಿಗೆ ಅಂಟಿದರೆ, ನಡುಕಕ್ಕೆ ಸೇತುವೆ ಕಟ್ಟಿದ ಹಾಗೆ. ಮೇಸ್ತ್ರಿಗೆ ಇದನ್ನು ಒಂದು ಸಲ ತೋರಿಸಿಕೊಟ್ಟರೆ ಸಾಕು, ಅವರು ಮರೆಯುವವರಲ್ಲ.

ಇದರ ಲಾಭ ಅಳೆದು ನೋಡಬಹುದಾದದ್ದು. ಅಳೆಯಲು ಒಂದು ಯಂತ್ರವಿದೆ: ಅರ್ಧ ಕಿಲೋ ತೂಕದ 5 ಸುತ್ತಿಗೆಗಳು 4 ಸೆಂಟಿಮೀಟರ್ ಎತ್ತರದಿಂದ ಸೆಕೆಂಡಿಗೆ 10 ಪೆಟ್ಟಿನಂತೆ ನೆಲವನ್ನು ಬಡಿಯುತ್ತವೆ, ಕೆಳಗಿನ ಕೋಣೆಯಲ್ಲಿ ಮೈಕ್ ಇಟ್ಟು ಸದ್ದು ಎಣಿಸುತ್ತಾರೆ. ನಮ್ಮದರಂಥ ಬರಿ ಸ್ಲ್ಯಾಬಿನ ಕೆಳಗೆ ಆ ಲೆಕ್ಕ ಸುಮಾರು 75 ಡೆಸಿಬಲ್. ಸರಿಯಾಗಿ ಕೂರಿಸಿದ ರಬ್ಬರ್ ಹಾಸು ಅದರಲ್ಲಿ 15ರಿಂದ 20 ಇಳಿಸುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಇಂಗ್ಲೆಂಡಿನ ಕಟ್ಟಡ ನಿಯಮ 2003ರಿಂದ ಹೊಸ ಫ್ಲ್ಯಾಟುಗಳ ನಡುವೆ ಈ ಅಂಕಿ 62 ದಾಟಬಾರದೆನ್ನುತ್ತದೆ. ಕಾಗದದ ಮೇಲೆ ಹೇಳಿ ಬಿಡದೆ, ಕಟ್ಟಿದ ಮನೆಗಳಲ್ಲಿ ಕೆಲವನ್ನು ಆರಿಸಿ, ಜನ ಒಳಗೆ ಬರುವ ಮೊದಲೇ ಪರೀಕ್ಷೆ ಮಾಡಿಸುತ್ತದೆ. ನಮಗೂ ಇದು ಎಟುಕದ ವಿದ್ಯೆಯಲ್ಲ. ಎಂಜಿನಿನ ಸೈಲೆನ್ಸರ್ ಹೇಗೆ ಸದ್ದು ತಗ್ಗಿಸುತ್ತದೆಂದು ಜಗತ್ತಿನ ಎಂಜಿನಿಯರುಗಳು ಓದುವ ಪುಸ್ತಕವನ್ನು 1987ರಲ್ಲಿ ಬರೆದ ಎಂ.ಎಲ್. ಮುಂಜಾಲ್ ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು.

ಇನ್ನು ಸರಕು. ಸಚಿವರೇ, ನೀವು ಪ್ರತಿದಿನ ಎಲ್ಲಿ ಹಾಕುವುದೆಂದು ತಲೆ ಕೆಡಿಸಿಕೊಳ್ಳುವ ಕಸದಲ್ಲೇ ಅದು ಬಿದ್ದಿದೆ. ಹಳೇ ಟೈರು ಮಳೆನೀರು ನಿಂತರೆ ಡೆಂಗಿ ಸೊಳ್ಳೆಯ ತೊಟ್ಟಿಲು, ಸುಟ್ಟರೆ ವಿಷದ ಹೊಗೆ. 2022ರಲ್ಲಿ ಕೇಂದ್ರ ಸರ್ಕಾರ ಹಳೇ ಟೈರಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ; ಅವರಿಗೂ ಕೊಳ್ಳುವವರು ಬೇಕು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳ ಕಟಿಂಗ್ ಮೇಜಿನ ಕೆಳಗೆ ಬೀಳುವ ಚಿಂದಿಯನ್ನು ಎಳೆ ಬಿಡಿಸಿ ಒತ್ತಿದರೆ ಗೋಡೆಯ ಟೊಳ್ಳಿಗೆ ತುಂಬುವ ಹೊದಿಕೆಯಾಗುತ್ತದೆ. ಹಳೇ ಬಟ್ಟೆಯಿಂದ ನೂಲು ತೆಗೆಯುವುದರಲ್ಲಿ ಪಾಣಿಪತ್ ಕೈ ಪಳಗಿಸಿಕೊಂಡಿದೆ, ಇಲ್ಲಿ ಏಕಾಗಬಾರದು? ನೀರಿನ ಬಾಟಲಿಗಳಿಂದ ಉಣ್ಣೆಯಂಥ ಹಲಗೆ ಮಾಡಿ ಆಫೀಸುಗಳಲ್ಲಿ ಈಗಲೇ ಬಳಸುತ್ತಿದ್ದಾರೆ. ತಿಪಟೂರು, ಅರಸೀಕೆರೆಯ ತೆಂಗಿನ ಮಟ್ಟೆಯ ನಾರನ್ನು ರಬ್ಬರ್ ಹಾಲಿನಲ್ಲಿ ಅಂಟಿಸಿ ಹಾಸಿಗೆಗೆ ಕಳಿಸುತ್ತೇವೆ. ಅದೇ ಹಾಳೆ ಎರಡು ಗೋಡೆಗಳ ನಡುವೆ ಕೂರಬಲ್ಲದು. ಒಡೆದ ಮನೆಗಳ ಅವಶೇಷವೂ ಈ ಲೆಕ್ಕಕ್ಕೆ ಸೇರಬೇಕು. ಅದನ್ನು ಪುಡಿಮಾಡಿ ಒತ್ತಿದ ಗಟ್ಟಿ ಇಟ್ಟಿಗೆಗೆ ತೂಕವಿದೆ, ಮನೆ ಮನೆಯ ನಡುವಿನ ಗೋಡೆ ಬೇಡುವುದು ತೂಕವನ್ನೇ. ನಾಲ್ಕಿಂಚಿನ ಗೋಡೆಯ ಎರಡೂ ಮಗ್ಗುಲಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಸ್ವಿಚ್ ಪೆಟ್ಟಿಗೆ ಕೊರೆಯುವ ಅಭ್ಯಾಸ ನಿಂತರೆ ಸೋರಿಕೆ ಖರ್ಚಿಲ್ಲದೆ ತಗ್ಗುತ್ತದೆ.

ಇದನ್ನೆಲ್ಲ ವಾರ್ಡಿನ ಒಣಕಸ ಕೇಂದ್ರಗಳಲ್ಲಿ ಬೇರ್ಪಡಿಸುವ ಕೈಗಳ ಬಗ್ಗೆ ಒಂದು ಮಾತು. ಚಿಂದಿ ಆಯುವ ಹೆಂಗಸರಿಗೆ ಬಟ್ಟೆಯ ಚೂರಿನಿಂದ ಇವತ್ತು ಹೆಚ್ಚೇನೂ ಹುಟ್ಟುವುದಿಲ್ಲ, ಅದನ್ನು ಕೊಳ್ಳುವವರು ಕಡಿಮೆ. ಸರ್ಕಾರದ ನಿಯಮ ಒಂದು ಮಾರುಕಟ್ಟೆ ಹುಟ್ಟಿಸಿದರೆ ಕಸ ಆಯುವವರ ಹಸಿರು ದಳದಂಥ ಸಂಘಟನೆಗಳ ಜೊತೆ ಕೂತು ಅವರ ಪಾಲನ್ನು ಮೊದಲೇ ಗೊತ್ತುಮಾಡಿ. ಯಂತ್ರ ಬಂದಮೇಲೆ ಅವರನ್ನು ಮರೆಯುವುದು ಬಹಳ ಸುಲಭ.

ಎಚ್ಚರವೂ ಬೇಕು. ರಬ್ಬರು, ಬಟ್ಟೆ, ಪ್ಲಾಸ್ಟಿಕ್ ಉರಿಯುವ ವಸ್ತುಗಳು. ಲಂಡನ್ನಿನ ಗ್ರೆನ್ಫೆಲ್ ಟವರ್‌ನಲ್ಲಿ 2017ರಲ್ಲಿ 72 ಜನ ಸತ್ತರು. ಕಟ್ಟಡದ ಹೊರಮೈಗೆ ಹೊದಿಸಿದ್ದ ಉರಿಯುವ ಹಲಗೆಗಳು ಬೆಂಕಿಯನ್ನು ಮಹಡಿಯಿಂದ ಮಹಡಿಗೆ ಏರಿಸಿದವು. ಹಾಗಾಗಿ ಈ ಸರಕು ಹೊರಗೋಡೆಗೆ, ಓಡಾಡುವ ಪಡಸಾಲೆಗೆ, ಮೆಟ್ಟಿಲ ಬಳಿಗೆ ಹೋಗಕೂಡದು. ಗಾರೆಯ ಕೆಳಗೆ, ಇಟ್ಟಿಗೆಯ ನಡುವೆ ಮುಚ್ಚಿಯೇ ಇರಬೇಕು, ಅಗ್ನಿಪರೀಕ್ಷೆಯಲ್ಲಿ ಗೆದ್ದೇ ಬರಬೇಕು. ನಾರು, ಹತ್ತಿಗೆ ತೇವ, ಗೆದ್ದಲಿನ ಭಯ; ಬಚ್ಚಲು, ಬಾಲ್ಕನಿಯ ಪಕ್ಕ ಅವು ಬೇಡ. ಮರುಬಳಕೆ ಎಂಬ ಒಳ್ಳೆಯ ಹೆಸರಿಟ್ಟುಕೊಂಡು ಕಳಪೆ ಸರಕು ಮನೆಯೊಳಗೆ ನುಗ್ಗಿದರೆ ನಾನೇ ಮೊದಲು ವಿರೋಧಿಸುತ್ತೇನೆ.

ಈಗಿನ ಕಾನೂನಿನಲ್ಲಿ ನಮಗೆ ಆಸರೆ ಎಲ್ಲಿದೆ? 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತವೆ. ಅದು ಬಯಲಿನ ಲೆಕ್ಕ, ಧ್ವನಿವರ್ಧಕಕ್ಕೂ ರಸ್ತೆಗೂ ಸರಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೇ ಭಾಗದಲ್ಲಿ ಸದ್ದು ತಡೆಗೆ ಒಂದು ಇಡೀ ವಿಭಾಗವೇ ಇದೆ, ಆದರೆ ಸಂಹಿತೆ ಬರೀ ಸಲಹೆ. ರಾಜ್ಯದ ಕಟ್ಟಡ ಉಪವಿಧಿ ಎತ್ತಿಕೊಂಡರೆ ಮಾತ್ರ ಅದಕ್ಕೆ ಜೀವ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಸೆಕ್ಷನ್ ಕಾಮಗಾರಿಯ ದೋಷಗಳಿಗೆ ಐದು ವರ್ಷ ಬಿಲ್ಡರನ್ನು ಹೊಣೆ ಮಾಡುತ್ತದೆ. ಸೋರುವ ಬಚ್ಚಲು ದೋಷವೆಂದು ನಾವೆಲ್ಲ ಒಪ್ಪುತ್ತೇವೆ. ಸೋರುವ ಸದ್ದಿಗೆ ಅಳತೆಗೋಲೇ ಇಲ್ಲದಿರುವಾಗ ಅದನ್ನು ದೋಷವೆಂದು ಸಾಧಿಸುವುದು ಹೇಗೆ?

ಆ ಅಳತೆಗೋಲನ್ನು ಕೊಡಿ ಎಂದು ಕೇಳುತ್ತಿದ್ದೇನೆ. ಬಹುಮಹಡಿ ವಸತಿ ಕಟ್ಟಡದ ಉಪವಿಧಿಯಲ್ಲಿ ಮನೆ ಮನೆ ನಡುವಿನ ನೆಲಕ್ಕೆ, ಗೋಡೆಗೆ ಒಂದು ಅಂಕಿ ಬರೆಯಿಸಿ. ವಾಸಕ್ಕೆ ಅನುಮತಿ ನೀಡುವ ಪತ್ರ (ಓಸಿ) ಕೊಡುವ ಮೊದಲು ಹತ್ತರಲ್ಲೊಂದು ಮನೆಯಲ್ಲಾದರೂ ಆ ಸುತ್ತಿಗೆ ಯಂತ್ರ ಓಡಲಿ, ಫಲಿತಾಂಶ ರೇರಾ ಜಾಲತಾಣದಲ್ಲಿ ಕೊಳ್ಳುವವರ ಕಣ್ಣಿಗೆ ಬೀಳಲಿ. ಖಾಸಗಿಯವರಿಗೆ ಹೇಳುವ ಮೊದಲು ಸರ್ಕಾರವೇ ಕಟ್ಟುವ ಮನೆಗಳಲ್ಲಿ ಮಾಡಿ ತೋರಿಸಿ. ಬಿಡಿಎ ಫ್ಲ್ಯಾಟುಗಳಲ್ಲಿ, ಗೃಹಮಂಡಳಿಯ ಮನೆಗಳಲ್ಲಿ, ಎಲ್ಲಕ್ಕಿಂತ ಮೊದಲು ಒಂದು ಲಕ್ಷ ಬಹುಮಹಡಿ ವಸತಿ ಯೋಜನೆಯ ಮನೆಗಳಲ್ಲಿ. ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಸೆಕ್ಯುರಿಟಿ ಗಾರ್ಡು, ಆಸ್ಪತ್ರೆಯ ಆಯಾ, ಪೌರಕಾರ್ಮಿಕರು ಅಂಥ ಪುಟ್ಟ ಮನೆಗಳಲ್ಲಿ ಇರುವವರು. ಇನ್ನೊಂದು ಕೋಣೆಗೆ ಹೋಗಿ ಮಲಗುವ ಅನುಕೂಲ ಅವರಿಗಿಲ್ಲ.

ಖರ್ಚು ಹೆಚ್ಚುತ್ತದೆಂದು ಬಿಲ್ಡರುಗಳ ಸಂಘ ನಿಮ್ಮ ಬಳಿ ಬರುತ್ತದೆ. ಅವರ ಲೆಕ್ಕವನ್ನೂ ಕೇಳಿ. ಆಮೇಲೆ ಇಟಲಿಯ ಮಾರ್ಬಲ್ ಹಾಸಿದ ಅವರ ಲಾಬಿಯ ಚದರಡಿ ಖರ್ಚು ಎಷ್ಟೆಂದು ಕೇಳಿ, ಪಕ್ಕದಲ್ಲಿ ಈ ರಬ್ಬರ್ ಹಾಸಿನ ಚದರಡಿ ಬೆಲೆ ಬರೆಯಿಸಿ.

ಮೇಲಿನ ಅಜ್ಜಿ ಈಗಲೂ ಇದ್ದಾರೆ. ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಾಗ ಮಗಳನ್ನು ಕೇಳುತ್ತಾರೆ, "ನಿನ್ನೆ ರಾತ್ರಿ ಎಚ್ಚರ ಆಯ್ತಾ ಮಗೂ?" ಆಗಿದ್ದರೂ ಅವಳು ಇಲ್ಲ ಎನ್ನುತ್ತಾಳೆ.

ನಮ್ಮ ರಸ್ತೆಯ ತುದಿಯಲ್ಲಿ ಹೊಸ ಅಪಾರ್ಟ್‌ಮೆಂಟು ಏಳುತ್ತಿದೆ. ಎಂಟನೇ ಮಹಡಿಯ ಸ್ಲ್ಯಾಬು ಹೋದ ವಾರ ಬಿತ್ತು. ಟೈಲ್ಸ್ ಇನ್ನೂ ಬಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಒಬ್ಬ ನಿವಾಸಿ, ಬೆಂಗಳೂರು