‘ಚಿರಸ್ಮರಣೆ’ಯಲ್ಲಿ ವ್ಯಂಗ್ಯವಿಲ್ಲ ಎನ್ನುವವರಿಗೆ

ನಿರಂಜನರ ‘ಚಿರಸ್ಮರಣೆ’ (1955) ಬರಿಯ ಘೋಷಣೆ, ಅದರಲ್ಲಿ ವ್ಯಂಗ್ಯದ ಸುಳಿವೇ ಇಲ್ಲ ಎಂಬ ಮಾತು ನಮ್ಮ ಹಾನಗಲ್ಲ, ಹಿರೇಕೆರೂರ ಕಡೆಯ ಸಾಹಿತ್ಯಾಸಕ್ತರ ಬಾಯಲ್ಲಿ ಇಂದಿಗೂ ಕೇಳಿಬರುತ್ತದೆ. ಉಪನ್ಯಾಸಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವರು ಇದನ್ನೇ ಪಾಠ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ.

ವ್ಯಂಗ್ಯವೆಂದರೆ ಕೊಂಕು ನುಡಿಯಲ್ಲ. ಲೇಖಕನು ತನ್ನ ಪಾತ್ರಗಳನ್ನು ಕಂಡು ನಗಲೇಬೇಕೆಂಬ ಕಟ್ಟಳೆಯೂ ಇಲ್ಲ. ಮನುಷ್ಯ ಬಯಸಿದ್ದಕ್ಕೂ ಕಾಲ ಅವನಿಗೆ ಕೊಟ್ಟದ್ದಕ್ಕೂ ನಡುವಿನ ಅಂತರವನ್ನು ಕಾಣಿಸುವುದೂ ವ್ಯಂಗ್ಯವೇ. ಕಯ್ಯೂರಿನ ಅಪ್ಪು, ಚಿರುಕಂಡ ಎಂಬ ಹುಡುಗರು ಮಾಸ್ತರರಿಂದ ಅಕ್ಷರ ಕಲಿಯುತ್ತಾರೆ. ಅಕ್ಷರದೊಡನೆ ಪ್ರಶ್ನೆ ಕೇಳುವುದನ್ನೂ ಕಲಿಯುತ್ತಾರೆ. ಜಮೀನ್ದಾರರೆದುರು ತಲೆಯೆತ್ತಿ ನಿಲ್ಲಲು ಕಲಿಸಿದ ವಿದ್ಯೆಯೇ ಅವರನ್ನು ನೇಣುಗಂಬದ ಬಳಿಗೆ ಒಯ್ಯುತ್ತದೆ. ನಲವತ್ತರ ಸಮೀಪ ವರ್ಷ ಪಾಠ ಹೇಳಿದ ನನಗೆ ಇದಕ್ಕಿಂತ ಕಠೋರವಾದ ವ್ಯಂಗ್ಯ ಬೇರೆ ಕಾಣದು.

ನಿಜಸಂಗತಿಯನ್ನೂ ನೋಡಿರಿ. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತನು. ಅದಕ್ಕಾಗಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ನೇಣಿಗೇರಿಸಲಾಯಿತು. ಐದನೆಯವನು ಅಪ್ರಾಪ್ತ ವಯಸ್ಕನೆಂದು ನೇಣಿನಿಂದ ಪಾರಾದನು. ಪ್ರಾಯಕ್ಕೆ ಬಂದವರಿಗೆ ಹಗ್ಗ, ಬಾರದವನಿಗೆ ಜೀವ! ಬಾಲ್ಯದಿಂದ ಪ್ರಾಯಕ್ಕೆ ನಡೆಯುವ ಕಥೆಗೆ ಇದಕ್ಕಿಂತ ತೀಕ್ಷ್ಣವಾದ ಮುಕ್ತಾಯ ಉಂಟೆ?

ಆಗ ಮಹಾಯುದ್ಧದ ಕಾಲ. ಹಿಟ್ಲರನು ಸೋವಿಯತ್ ದೇಶದ ಮೇಲೆ ದಾಳಿಯಿಟ್ಟ ಬಳಿಕ ಕಮ್ಯುನಿಸ್ಟ್ ಪಕ್ಷ ಅದನ್ನು ‘ಜನತಾ ಯುದ್ಧ’ವೆಂದು ಕರೆಯಿತು, 1942ರಲ್ಲಿ ಸರ್ಕಾರ ಪಕ್ಷದ ಮೇಲಿನ ನಿಷೇಧವನ್ನೂ ತೆಗೆಯಿತು. ಯುದ್ಧದಲ್ಲಿ ಪಕ್ಷದ ಬೆಂಬಲ ಪಡೆದ ಅದೇ ಸರ್ಕಾರ ಅದೇ ಪಕ್ಷದ ಮಕ್ಕಳನ್ನು ನೇಣಿಗೇರಿಸಿತು. ಮೂರೇ ದಿನಗಳ ಬಳಿಕ, ಏಪ್ರಿಲ್ 1ರಂದು, ಆ ಸರ್ಕಾರಕ್ಕೆ ‘ಭಾರತ ಬಿಟ್ಟು ತೊಲಗು’ ಎಂದ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದರು. ಯುದ್ಧದ ವಿಷಯದಲ್ಲಿ ಈ ಎರಡು ಬಣಗಳ ನಿಲುವು ಒಂದಕ್ಕೊಂದು ವಿರುದ್ಧ. ಕೊಂದ ಕೈ ಮಾತ್ರ ಒಂದೇ.

ಪಕ್ಷ ವಹಿಸಿದ ಲೇಖಕನಿಗೆ ವ್ಯಂಗ್ಯ ದಕ್ಕದು ಎಂಬ ವಾದವೊಂದುಂಟು. ನೋಯುವವರ ಪಕ್ಕದಲ್ಲಿ ನಿಂತವನಿಗೇ ಈ ಅಂತರ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ಉತ್ತರ. ದೂರ ನಿಂತವನಿಗೆ ಕಾಣುವುದು ಚಮತ್ಕಾರ ಮಾತ್ರ.

ಇದು ಬರಿಯ ವಿಮರ್ಶೆಯ ಜಗಳವಲ್ಲ. ಶಿಗ್ಗಾಂವಿ, ಸವಣೂರಿನ ಶಾಲೆಗಳ ಮಕ್ಕಳಿಂದ ನಾವು ಹುತಾತ್ಮರಿಗೆ ಜಯಕಾರ ಹಾಕಿಸುತ್ತೇವೆ. ಅವರೇಕೆ ಸಾಯಬೇಕಾಯಿತೆಂದು ಕೇಳಲು ಕಲಿಸುವುದಿಲ್ಲ. ಹೀಗಾದರೆ ಹುತಾತ್ಮರು ಕಲ್ಲಾಗಿ ಉಳಿಯುತ್ತಾರೆ. ಆದ್ದರಿಂದ ಮಾಸ್ತರರಾಗಿರುವ ನನ್ನ ಶಿಷ್ಯರೇ, ‘ಚಿರಸ್ಮರಣೆ’ಯನ್ನು ಇನ್ನೊಮ್ಮೆ ಓದಿರಿ. ನಿಮ್ಮ ತರಗತಿಯಲ್ಲಿ ಪ್ರಶ್ನೆ ಕೇಳುವ ಹುಡುಗನನ್ನು ಗದರಿಸುವ ಮುನ್ನ ಅಪ್ಪು, ಚಿರುಕಂಡರನ್ನು ನೆನೆಯಿರಿ.