ಶತ್ರುವಿನ ಶತ್ರು ಮಿತ್ರನೇ?

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಭಾಗದ ಕೆರೆಗಳಿಗೆ ಭದ್ರೆಯ ನೀರು ತುಂಬಿಸುವ ಏತ ನೀರಾವರಿ ಯೋಜನೆಯಿದೆ. ನೀರು ಬೇಗ ಬೇಕೇ, ತಡವಾಗಿ ಸಾಕೇ ಎಂದು ಮೂವರು ರೈತರು ಚರ್ಚೆಗೆ ಕುಳಿತಿದ್ದಾರೆ ಎನ್ನಿ. ‘ಬೇಗ’ಕ್ಕೆ ಧನ ಅಂಕ, ‘ತಡ’ಕ್ಕೆ ಋಣ. ಪ್ರತಿಯೊಬ್ಬರೂ ಗೆಳೆಯನ ಅಂಕದತ್ತ ಸರಿಯುತ್ತಾರೆ. ವಿರೋಧಿಯದಾದರೆ ಚಿಹ್ನೆ ಬದಲಿಸಿ ಅದರತ್ತ.

ಇಬ್ಬರು ಗೆಳೆಯರು, ಮೂರನೆಯವರು ಇಬ್ಬರಿಗೂ ವಿರೋಧಿ ಎಂದಾದರೆ ಸಾಮಾನ್ಯವಾಗಿ ಎರಡು ಬಣಗಳು ಸಮಬಲದ ಎದುರುಬದುರು ನಿಲುವಿಗೆ ಬರುತ್ತವೆ. ಮೂವರೂ ಪರಸ್ಪರ ವಿರೋಧಿಗಳಾದರೆ ಎಲ್ಲರ ಅಂಕವೂ ಸೊನ್ನೆಗಿಳಿಯುತ್ತದೆ. ತೀರ್ಮಾನವಿಲ್ಲ, ಕೆರೆಗೆ ನೀರೂ ಇಲ್ಲ!

ರೋಬಾಟುಗಳ ತಂಡಕ್ಕೂ ಅನ್ವಯಿಸುವ ಈ ಲೆಕ್ಕವನ್ನು ಕ್ಲಾಡಿಯೊ ಆಲ್ಟಫಿನಿ 2013ರಲ್ಲಿ ಸಾಧಿಸಿ ತೋರಿಸಿದರು. ಪ್ರತಿ ಸುತ್ತಿನಲ್ಲೂ ವಿರೋಧಗಳು ಸಮಸಂಖ್ಯೆಯಲ್ಲಿದ್ದರೆ ನಿಲುವು ಉಳಿಯುತ್ತದೆ. ಒಂದು ಸುತ್ತಿನಲ್ಲಿ ಬೆಸವಾದರೂ ಸೊನ್ನೆ. ನಾಲ್ವರನ್ನು ಬರೆದು ನೀವೇ ಲೆಕ್ಕ ಮಾಡಿ.